ಲಾರೆನ್ಸ್ ತಲೆಯ ಮೇಲೆ ಇಲ್ಲದ ಹೆಲ್ಮೆಟ್

ಥಾಮಸ್ ಎಡ್ವರ್ಡ್ ಲಾರೆನ್ಸ್ ಎಂದರೆ ನಮ್ಮ ಕಾಲೇಜಿನಲ್ಲಿ ಹೆಚ್ಚಿನವರಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಲಾರೆನ್ಸ್ ಆಫ್ ಅರೇಬಿಯಾ ಎಂದರೆ ಆರ್ಟ್ಸ್ ವಿಭಾಗದವರಾದರೂ ತಲೆಯಾಡಿಸುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ನನಗೆ ಈ ಹೆಸರು ಮೊದಲು ಗೊತ್ತಾದದ್ದು ಪುಸ್ತಕದಿಂದಲ್ಲ, ನಮ್ಮ ನಾನಾ ಅವರಿಂದ. ನಾನಾಗೆ ಈ ಮನುಷ್ಯ ಅಷ್ಟಾಗಿ ಇಷ್ಟವಿಲ್ಲ. ತುರ್ಕರ ಖಿಲಾಫತ್ತಿನ ವಿರುದ್ಧ ಅರಬರನ್ನು ಎತ್ತಿಕಟ್ಟಿದ ಅಂಗ್ರೇಜ ಎಂದು ಅವರ ತಂದೆಯವರು ಹೇಳುತ್ತಿದ್ದರಂತೆ. ಖಿಲಾಫತ್ ಚಳವಳಿಯನ್ನು ಕಣ್ಣಾರೆ ಕಂಡ ತಲೆಮಾರು ಅದು.

ರಸ್ತೆ ಸುರಕ್ಷತೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಕನ್ನಡ ಲೆಕ್ಚರರ್ ಹೇಳಿದಾಗ ನನಗೆ ಇದೇ ಲಾರೆನ್ಸ್ ನೆನಪಾದರು. ಏಕೆಂದರೆ ಮರುಭೂಮಿಯ ಯುದ್ಧದಲ್ಲಿ ಸಾಯದ ಆ ಮನುಷ್ಯ ಸತ್ತದ್ದು ಮನೆಯ ಹತ್ತಿರದ ರಸ್ತೆಯಲ್ಲಿ, ಮೋಟಾರ್ ಸೈಕಲ್ಲಿನಿಂದ ಬಿದ್ದು. ಇವತ್ತು ನಾವು ಗಾಡಿಯ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಓಡಾಡುವ ಹೆಲ್ಮೆಟ್ಟಿಗೂ ಆ ಸಾವಿಗೂ ನೇರ ಸಂಬಂಧ ಇದೆ.

ಲಾರೆನ್ಸ್ ಹುಟ್ಟಿದ್ದು 1888ರ ಆಗಸ್ಟ್ 16ರಂದು, ವೇಲ್ಸ್‌ನ ಟ್ರೆಮಾಡಾಗ್ ಎಂಬ ಸಣ್ಣ ಊರಿನಲ್ಲಿ. ಐವರು ಗಂಡುಮಕ್ಕಳಲ್ಲಿ ಎರಡನೆಯವರು. ಮುಂದೆ ಕುಟುಂಬ ಆಕ್ಸ್‌ಫರ್ಡ್‌ಗೆ ಬಂದು ನೆಲೆಸಿತು. ಹುಡುಗನಿಗೆ ಮೊದಲಿನಿಂದಲೂ ಚಕ್ರಗಳ ಹುಚ್ಚು. ಕಾಲೇಜಿನಲ್ಲಿ ಓದುತ್ತಿದ್ದಾಗ ಬೇಸಿಗೆ ರಜೆಯಲ್ಲಿ ಸೈಕಲ್ ಹತ್ತಿ ಫ್ರಾನ್ಸ್ ದೇಶದ ಹಳೆಯ ಕೋಟೆಗಳನ್ನೆಲ್ಲ ನೋಡಿಬಂದರು. 1909ರಲ್ಲಿ ಸಿರಿಯಾಕ್ಕೆ ಹೋಗಿ ಬಿಸಿಲಿನಲ್ಲಿ ಸಾವಿರ ಮೈಲಿಯಷ್ಟು ನಡೆದು ಕ್ರುಸೇಡ್ ಕಾಲದ ಕೋಟೆಗಳ ನಕ್ಷೆ ಮಾಡಿಕೊಂಡರು. ಆಮೇಲೆ ಯೂಫ್ರೆಟಿಸ್ ನದಿಯ ದಡದ ಕಾರ್ಕೆಮಿಶ್‌ನಲ್ಲಿ ಉತ್ಖನನದ ಕೆಲಸ. ಅರಬ್ಬಿ ಮಾತು ಕಲಿತದ್ದು, ಅಲ್ಲಿನ ಕೂಲಿಯವರ ಜೊತೆ ಕುಳಿತು ಉಂಡದ್ದು ಎಲ್ಲಾ ಆ ವರ್ಷಗಳಲ್ಲಿ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಮರುವರ್ಷವೇ ಅವರ ಇಬ್ಬರು ತಮ್ಮಂದಿರು ಫ್ರಾನ್ಸ್‌ನ ರಣರಂಗದಲ್ಲಿ ಸತ್ತರು. ಲಾರೆನ್ಸ್ ಆಗ ಕೈರೋದಲ್ಲಿ ನಕ್ಷೆ ಮತ್ತು ಗುಪ್ತಚರ ವಿಭಾಗದ ಮೇಜಿನ ಮುಂದೆ ಇದ್ದರು. 1916ರಲ್ಲಿ ಮಕ್ಕಾದ ಷರೀಫ್ ಹುಸೇನ್ ತುರ್ಕರ ವಿರುದ್ಧ ಎದ್ದಾಗ ಅವರ ಮಗ ಫೈಸಲ್ ಜೊತೆಗೆ ಲಾರೆನ್ಸ್‌ರನ್ನು ಕಳಿಸಿದರು. ಮುಂದಿನದು ಸಿನಿಮಾ ನೋಡಿದವರಿಗೆ ಗೊತ್ತು: ಹಿಜಾಜ್ ರೈಲ್ವೆಯ ಹಳಿಗಳನ್ನು ಸ್ಫೋಟಿಸಿದ್ದು, ಒಂಟೆಗಳ ಮೇಲೆ ಮರುಭೂಮಿ ದಾಟಿ 1917ರ ಜುಲೈನಲ್ಲಿ ಅಕಬಾ ಬಂದರನ್ನು ಹಿಡಿದದ್ದು, 1918ರ ಅಕ್ಟೋಬರ್‌ನಲ್ಲಿ ದಮಾಸ್ಕಸ್. ಹಿಜಾಜ್ ರೈಲ್ವೆಗೆ ನಮ್ಮ ಹಿಂದೂಸ್ತಾನದ ಮುಸ್ಲಿಮರೂ ಚಂದಾ ಕೊಟ್ಟಿದ್ದರು, ಆದ್ದರಿಂದ ನಾನಾ ಅವರ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸುತ್ತಿದ್ದಾಗಲೇ ಬ್ರಿಟನ್ ಮತ್ತು ಫ್ರಾನ್ಸ್ ಒಳಗೊಳಗೆ ಆ ನಾಡನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದವು. ಈ ಮೋಸದಲ್ಲಿ ತಮ್ಮ ಪಾಲೂ ಇದೆ ಎಂಬ ನಾಚಿಕೆ ಲಾರೆನ್ಸ್‌ಗೆ ಕೊನೆಯವರೆಗೂ ಇತ್ತು. ಅದು ನಿಜವಾದ ನಾಚಿಕೆಯೇ ಎಂದು ನಾನು ನಂಬುತ್ತೇನೆ, ನಾನಾ ನಂಬುವುದಿಲ್ಲ.

ಅಷ್ಟು ಹೆಸರು ಬಂದ ಮೇಲೆ ಬೇರೆ ಯಾರಾದರೂ ದೊಡ್ಡ ಹುದ್ದೆ ಹಿಡಿಯುತ್ತಿದ್ದರು. ಇವರು 1922ರಲ್ಲಿ ಕರ್ನಲ್ ಪದವಿ ಬಿಟ್ಟು, ಬೇರೆ ಹೆಸರಿಟ್ಟುಕೊಂಡು ಬ್ರಿಟನ್ನಿನ ವಾಯುಪಡೆಗೆ ಅತಿ ಕೆಳಗಿನ ಸಿಪಾಯಿಯಾಗಿ ಸೇರಿದರು. ಪತ್ರಿಕೆಯವರು ಪತ್ತೆ ಹಚ್ಚಿದ್ದರಿಂದ ಹೊರಬರಬೇಕಾಯಿತು. ಮತ್ತೆ ಶಾ ಎಂಬ ಹೆಸರಿನಲ್ಲಿ ಟ್ಯಾಂಕ್ ದಳ ಸೇರಿದರು, 1925ರಲ್ಲಿ ವಾಯುಪಡೆಗೆ ಮರಳಿದರು. ಆ ಸಿಪಾಯಿ ಶಾ 1927ರಲ್ಲಿ ಬಂದಿಳಿದದ್ದು ಕರಾಚಿಗೆ, ಆಗ ಅದು ನಮ್ಮದೇ ದೇಶ. ಮರುವರ್ಷ ವಜೀರಿಸ್ತಾನದ ಮೀರಾನ್‌ಷಾ ಎಂಬ ಗಡಿ ಠಾಣೆಯಲ್ಲಿ ಗುಮಾಸ್ತೆ ಕೆಲಸ, ಬಿಡುವಿನಲ್ಲಿ ಗ್ರೀಕ್ ಕಾವ್ಯ ಒಡಿಸ್ಸಿಯ ಅನುವಾದ. ಅಷ್ಟರಲ್ಲಿ ಅಫ್ಘಾನಿಸ್ತಾನದಲ್ಲಿ ದಂಗೆ ಎದ್ದಿತು. ಲಾರೆನ್ಸ್ ವೇಷ ಮರೆಸಿಕೊಂಡು ಅದನ್ನು ನಡೆಸುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿತು. ಸರ್ಕಾರಕ್ಕೆ ಗಾಬರಿಯಾಗಿ 1929ರ ಆರಂಭದಲ್ಲಿ ಅವರನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಿತು.

ಈಗ ಗಾಡಿಯ ವಿಷಯಕ್ಕೆ ಬರುತ್ತೇನೆ. ನಾಟಿಂಗ್‌ಹ್ಯಾಮ್‌ನಲ್ಲಿ ಜಾರ್ಜ್ ಬ್ರಫ್ ಎಂಬವರು ತಯಾರಿಸುತ್ತಿದ್ದ ಬ್ರಫ್ ಸುಪೀರಿಯರ್ ಆ ಕಾಲದ ಅತಿ ದುಬಾರಿ ಮೋಟಾರ್ ಸೈಕಲ್ಲುಗಳಲ್ಲಿ ಒಂದು. ಅದರ ಎಸ್‌ಎಸ್ 100 ಮಾದರಿ ಗಂಟೆಗೆ ನೂರು ಮೈಲಿ, ಅಂದರೆ 160 ಕಿಲೋಮೀಟರ್ ಓಡುತ್ತದೆ ಎಂದು ಕಂಪನಿಯೇ ಗ್ಯಾರಂಟಿ ಕೊಡುತ್ತಿತ್ತು. ಲಾರೆನ್ಸ್ ಒಂದರ ನಂತರ ಒಂದು ಏಳು ಬ್ರಫ್ ಗಾಡಿಗಳನ್ನು ಇಟ್ಟುಕೊಂಡಿದ್ದರು. ಎಂಟನೆಯದಕ್ಕೆ ಆರ್ಡರ್ ಕೊಟ್ಟಾಗಿತ್ತು. ಗಾಡಿಗಳಿಗೆ ಮಕ್ಕಳಿಗೆ ಇಡುವ ಹಾಗೆ ಹೆಸರಿಡುತ್ತಿದ್ದರು. ಒಮ್ಮೆ ಆಕಾಶದಲ್ಲಿ ಹಾರುತ್ತಿದ್ದ ಯುದ್ಧವಿಮಾನದ ಜೊತೆ ಕೆಳಗೆ ರಸ್ತೆಯಲ್ಲಿ ರೇಸ್ ಹಚ್ಚಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಸಿಪಾಯಿಯ ಸಂಬಳ, ಒಂಟಿ ಬದುಕು, ಮನಸ್ಸಿನ ತುಂಬ ಯುದ್ಧದ ನೆನಪು. ವೇಗ ಒಂದೇ ಅವರಿಗೆ ಸಮಾಧಾನ. ನಮ್ಮ ಓಣಿಯ ಹುಡುಗರು ಇದನ್ನು ಓದಿದರೆ ಭಾರೀ ಖುಷಿ ಪಡುತ್ತಾರೆ ಎಂದು ನನಗೆ ಗೊತ್ತು. ಆದರೆ ಇನ್ನೊಂದು ಸಂಗತಿಯನ್ನೂ ಓದಬೇಕು.

1931ರ ಫೆಬ್ರವರಿಯಲ್ಲಿ ಪ್ಲಿಮತ್ ಬಂದರಿನ ಹತ್ತಿರ ವಾಯುಪಡೆಯ ಒಂದು ಸೀಪ್ಲೇನ್ ಲಾರೆನ್ಸ್ ಕಣ್ಣೆದುರಿಗೇ ನೀರಿಗೆ ಬಿದ್ದು ಮುಳುಗಿತು. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತರು. ಆಗಿನ ದೋಣಿಗಳು ಬಹಳ ನಿಧಾನ. ಬೇಗ ತಲುಪುವ ದೋಣಿ ಇದ್ದರೆ ಜೀವ ಉಳಿಯುತ್ತದೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ನಾಲ್ಕು ವರ್ಷ ಅವರು ಮಾಡಿದ ಮುಖ್ಯ ಕೆಲಸ ಅದೇ. ಸೌತಾಂಪ್ಟನ್‌ನ ದೋಣಿ ಕಾರ್ಖಾನೆಯಲ್ಲಿ ಮೈಗೆಲ್ಲ ಎಣ್ಣೆ ಮೆತ್ತಿಕೊಂಡು ವೇಗದ ರಕ್ಷಣಾ ದೋಣಿಗಳನ್ನು ಓಡಿಸಿ ಪರೀಕ್ಷಿಸಿದರು, ಅವುಗಳ ಕೈಪಿಡಿಯನ್ನೂ ಬರೆದರು. ಮುಂದಿನ ಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ಎಷ್ಟೋ ವಿಮಾನಚಾಲಕರನ್ನು ಆ ಜಾತಿಯ ದೋಣಿಗಳು ಎತ್ತಿ ತಂದವು. ಬೇರೆಯವರ ಜೀವ ಉಳಿಸುವ ಯಂತ್ರಕ್ಕಾಗಿ ಇಷ್ಟು ಬೆವರು ಸುರಿಸಿದವರು ತಮ್ಮ ತಲೆಗೆ ಒಂದು ಟೊಪ್ಪಿ ಹಾಕಿಕೊಳ್ಳಲಿಲ್ಲ. ಗಟ್ಟಿ ಹೆಲ್ಮೆಟ್ ಆಗ ಇರಲಿಲ್ಲ ಎಂದೇನೂ ಅಲ್ಲ. ಐಲ್ ಆಫ್ ಮ್ಯಾನ್‌ನ ಪ್ರಸಿದ್ಧ ಮೋಟಾರ್ ಸೈಕಲ್ ರೇಸಿನಲ್ಲಿ ಎರಿಕ್ ಗಾರ್ಡ್ನರ್ ಎಂಬ ವೈದ್ಯರ ಪ್ರಯತ್ನದಿಂದ 1914ರಲ್ಲೇ ಕ್ಯಾನ್ವಾಸ್ ಮತ್ತು ಅರಗಿನಿಂದ ಮಾಡಿದ ಹೆಲ್ಮೆಟ್ ಕಡ್ಡಾಯವಾಗಿತ್ತು. ಆದರೆ ಅದು ರೇಸಿನವರಿಗೆ. ರಸ್ತೆಯಲ್ಲಿ ಓಡಾಡುವವರಿಗೆ ಅದು ಬೇಕೆಂದು ಯಾರಿಗೂ ಅನಿಸಿರಲಿಲ್ಲ.

1935ರ ಆರಂಭದಲ್ಲಿ ಲಾರೆನ್ಸ್ ನಿವೃತ್ತರಾಗಿ ಡಾರ್ಸೆಟ್ ಜಿಲ್ಲೆಯ ಕ್ಲೌಡ್ಸ್ ಹಿಲ್ ಎಂಬ ತಮ್ಮ ಪುಟ್ಟ ಮನೆಗೆ ಬಂದರು. ವಯಸ್ಸು 46. ಮೇ 13ರಂದು ಬೆಳಿಗ್ಗೆ ಹತ್ತಿರದ ಬೊವಿಂಗ್ಟನ್ ಸೈನಿಕ ಶಿಬಿರದ ಅಂಚೆ ಕಚೇರಿಗೆ ಹೋಗಿ, ಒಬ್ಬ ಲೇಖಕ ಮಿತ್ರರನ್ನು ಊಟಕ್ಕೆ ಕರೆದು ತಂತಿ ಕಳಿಸಿ ವಾಪಸ್ ಹೊರಟರು. ದಿನಾ ಓಡಾಡುವ ರಸ್ತೆ, ಕೆಲವೇ ನಿಮಿಷಗಳ ದಾರಿ. ರಸ್ತೆ ಅಲ್ಲಿ ಏರಿ ಇಳಿಯುತ್ತದೆ, ತಗ್ಗಿನಲ್ಲಿ ಇರುವವರು ಕಾಣುವುದಿಲ್ಲ. ಆ ಹೊತ್ತಿಗೆ ತಗ್ಗಿನಲ್ಲಿ ಇಬ್ಬರು ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು. ಅವರನ್ನು ತಪ್ಪಿಸಲು ಗಾಡಿ ತಿರುಗಿಸಿದಾಗ ಒಂದು ಸೈಕಲ್ಲಿಗೆ ತಾಗಿ ಲಾರೆನ್ಸ್ ಹ್ಯಾಂಡಲ್ ಮೇಲಿನಿಂದ ಹಾರಿ ರಸ್ತೆಗೆ ತಲೆಕೆಳಗಾಗಿ ಬಿದ್ದರು. ಹುಡುಗರು ಬದುಕಿದರು. ಲಾರೆನ್ಸ್‌ಗೆ ಪ್ರಜ್ಞೆ ಬರಲೇ ಇಲ್ಲ. ಆರು ದಿನ ಶಿಬಿರದ ಆಸ್ಪತ್ರೆಯಲ್ಲಿ ಮಲಗಿದ್ದು ಮೇ 19ರಂದು ತೀರಿಕೊಂಡರು. ಎಷ್ಟು ವೇಗದಲ್ಲಿದ್ದರು ಎಂಬುದರ ಬಗ್ಗೆ ಜನ ಇವತ್ತಿಗೂ ವಾದ ಮಾಡುತ್ತಾರೆ, ಬ್ರಿಟಿಷ್ ಸರ್ಕಾರವೇ ಕೊಲ್ಲಿಸಿತು ಎನ್ನುವವರೂ ಇದ್ದಾರೆ. ನನಗೆ ಆ ಕಥೆಗಳಲ್ಲಿ ಆಸಕ್ತಿ ಇಲ್ಲ. ನೂರು ಮೈಲಿ ವೇಗದ ಗಾಡಿಯಲ್ಲಿ ವರ್ಷಗಟ್ಟಲೆ ಓಡಾಡಿ ಉಳಿದವರು ಒಂದು ತಂತಿ ಕಳಿಸಿ ಬರುವ ದಾರಿಯಲ್ಲಿ ಹೋದರು. ಇಲ್ಲೇ ಅಂಗಡಿಗೆ ಹೋಗಿಬರುತ್ತೇನೆ ಎಂದು ಬರಿತಲೆಯಲ್ಲಿ ಗಾಡಿ ತೆಗೆಯುವ ನಮ್ಮವರು ನೋಡಬೇಕಾದದ್ದು ಇದನ್ನು.

ಆ ಆರು ದಿನಗಳಲ್ಲಿ ಲಂಡನ್ನಿನಿಂದ ಕರೆಸಿದ ತಜ್ಞರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರೂ ಇದ್ದರು. ಆಸ್ಟ್ರೇಲಿಯಾದಲ್ಲಿ 1896ರಲ್ಲಿ ಹುಟ್ಟಿದವರು. ಸ್ಕಾಲರ್‌ಷಿಪ್ ಪಡೆದು ಆಕ್ಸ್‌ಫರ್ಡ್‌ಗೆ ಬಂದು, ಅಮೆರಿಕದ ಬಾಸ್ಟನ್‌ನಲ್ಲಿ ಹಾರ್ವೆ ಕುಶಿಂಗ್ ಎಂಬ ಮಹಾನ್ ವೈದ್ಯರ ಕೈಕೆಳಗೆ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವರು. ಅವರ ಕೈಯಲ್ಲೂ ಲಾರೆನ್ಸ್‌ರನ್ನು ಉಳಿಸಲು ಆಗಲಿಲ್ಲ. ಒಡೆದುಹೋದ ಮಿದುಳನ್ನು ಆ ಕಾಲದ ಯಾವ ವೈದ್ಯರೂ ಸರಿಮಾಡಲಾರರು. ಆದರೆ ಕೇರ್ನ್ಸ್ ಈ ಸಾವನ್ನು ಮರೆಯಲಿಲ್ಲ. ಬಿದ್ದ ಮೇಲೆ ಮಾಡುವುದು ಏನೂ ಇಲ್ಲದಿದ್ದರೆ ಬೀಳುವ ಮೊದಲು ಏನು ಮಾಡಬಹುದು ಎಂದು ಯೋಚಿಸತೊಡಗಿದರು.

ನಾಲ್ಕೇ ವರ್ಷಕ್ಕೆ ಎರಡನೆಯ ಮಹಾಯುದ್ಧ ಬಂತು. ಸೈನ್ಯದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಆದೇಶದ ಕಾಗದ ಒಯ್ಯುವುದು ಮೋಟಾರ್ ಸೈಕಲ್ ಸವಾರರ ಕೆಲಸ. ಅವರಲ್ಲಿ ಬಹಳ ಮಂದಿ ನಮಗಿಂತ ಒಂದೆರಡು ವರ್ಷ ದೊಡ್ಡ ಹುಡುಗರು. ಬಾಂಬ್ ಭಯಕ್ಕೆ ಊರಿಗೆ ಊರೇ ದೀಪ ಆರಿಸಿರುತ್ತಿದ್ದ ರಾತ್ರಿಗಳಲ್ಲಿ ಹೆಡ್‌ಲೈಟ್ ಮುಚ್ಚಿಕೊಂಡು ಓಡಬೇಕು. ಶತ್ರುವಿನ ಮುಖ ನೋಡುವ ಮೊದಲೇ ತಮ್ಮ ದೇಶದ ರಸ್ತೆಯಲ್ಲೇ ಸಾಯುತ್ತಿದ್ದರು. ಆಕ್ಸ್‌ಫರ್ಡ್‌ನ ಸೇಂಟ್ ಹ್ಯೂಸ್ ಎಂಬ ಹೆಣ್ಣುಮಕ್ಕಳ ಕಾಲೇಜನ್ನು ತಲೆಗೆ ಪೆಟ್ಟಾದ ಸೈನಿಕರ ಆಸ್ಪತ್ರೆ ಮಾಡಿದ್ದರು, ಕೇರ್ನ್ಸ್ ಅಲ್ಲಿ ಮುಖ್ಯಸ್ಥರು. ಅವರು ಲೆಕ್ಕ ಹಾಕಿದರು. ನನಗೆ ಈ ಮನುಷ್ಯ ಇಷ್ಟವಾದದ್ದು ಇಲ್ಲೇ. ನಮ್ಮ ಅಕೌಂಟೆನ್ಸಿ ಮೇಡಂ ಹೇಳುವ ಹಾಗೆ ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಭಾಷಣ ಮಾಡುವ ಬದಲು ಅವರು ವೋಚರ್ ಕೂಡಿಸಿದರು.

1941ರ ಅಕ್ಟೋಬರ್‌ನಲ್ಲಿ ಅವರ ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರ್ ಸೈಕಲ್ ಸವಾರರು ಮತ್ತು ಹಿಂದೆ ಕುಳಿತವರು ಒಟ್ಟು 2,279 ಜನ. ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಲೆಯ ಪೆಟ್ಟು. ಹೆಲ್ಮೆಟ್ ಹಾಕಿಕೊಂಡು ಬಿದ್ದವರಲ್ಲಿ ಕೇರ್ನ್ಸ್ ನೋಡಿದ್ದು ಏಳೇ ಜನರನ್ನು, ಏಳೂ ಮಂದಿ ಬದುಕಿದ್ದರು. ಸ್ಟ್ಯಾಟಿಸ್ಟಿಕ್ಸ್ ಓದುವವರು ಇಲ್ಲಿ ಕೈ ಎತ್ತುತ್ತಾರೆ: ಏಳು ಎನ್ನುವುದು ತೀರಾ ಸಣ್ಣ ಸ್ಯಾಂಪಲ್ ಅಲ್ಲವೇ? ಹೌದು, ಸಣ್ಣದು. ಆದರೆ ಮುಂದಿನ ತಿಂಗಳು, ಅಂದರೆ 1941ರ ನವೆಂಬರ್‌ನಲ್ಲಿ, ಸೈನ್ಯವು ಕೆಲಸದ ಮೇಲಿರುವ ಎಲ್ಲಾ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕೇರ್ನ್ಸ್ ಅಷ್ಟಕ್ಕೇ ಲೆಡ್ಜರ್ ಮುಚ್ಚಲಿಲ್ಲ. 1939ರಿಂದ 1945ರವರೆಗೆ ತಿಂಗಳು ತಿಂಗಳಿಗೆ ಎಷ್ಟು ಸವಾರರು ಸತ್ತರು ಎಂದು ಪಟ್ಟಿ ಮಾಡಿ 1946ರಲ್ಲಿ ಮತ್ತೊಂದು ಲೇಖನ ಬರೆದರು. ಆ ನವೆಂಬರ್ ಕಳೆದ ಮೇಲೆ ಸಾವಿನ ಗೆರೆ ಸ್ಪಷ್ಟವಾಗಿ ಕೆಳಗೆ ಇಳಿದಿತ್ತು. ಸಾಮಾನ್ಯ ಜನರೂ ಇದನ್ನು ಹಾಕಿಕೊಂಡರೆ ಜೀವಗಳೂ, ಕೆಲಸದ ದಿನಗಳೂ, ಆಸ್ಪತ್ರೆಯ ಸಮಯವೂ ಉಳಿಯುತ್ತವೆ ಎಂದು ಬರೆದರು.

ಹೆಲ್ಮೆಟ್ ತಲೆಯನ್ನು ಹೇಗೆ ಉಳಿಸುತ್ತದೆ ಎಂದರೆ, ಗಟ್ಟಿಯಾಗಿರುವುದರಿಂದ ಮಾತ್ರ ಅಲ್ಲ. ಹೊರಗಿನ ಚಿಪ್ಪು ಪೆಟ್ಟನ್ನು ಅಗಲ ಜಾಗಕ್ಕೆ ಹರಡುತ್ತದೆ. ಒಳಗಿನ ದಪ್ಪ ಥರ್ಮೋಕೋಲ್‌ನಂಥ ಪದರ ತಾನೇ ಜಜ್ಜಿಹೋಗಿ, ತಲೆ ಒಮ್ಮೆಲೇ ನಿಲ್ಲುವ ಬದಲು ಸ್ವಲ್ಪ ಸ್ವಲ್ಪವಾಗಿ ನಿಲ್ಲುವಂತೆ ಮಾಡುತ್ತದೆ. ಆ ಸ್ವಲ್ಪ ಎಂಬುದು ಸೆಕೆಂಡಿನ ಸಾವಿರದ ಕೆಲವು ಭಾಗ, ಮಿದುಳಿಗೆ ಅಷ್ಟೇ ಸಾಕು. ಆದ್ದರಿಂದಲೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮುಗಿದುಹೋಗಿರುತ್ತದೆ. ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಅದು ಬೇರೆ ದಾರಿ ಹಿಡಿದಿರುತ್ತದೆ. ರಸ್ತೆಬದಿಯಲ್ಲಿ ಮಾರುವ ಅರ್ಧ ಟೊಪ್ಪಿಗಳಲ್ಲಿ ಈ ಒಳಪದರವೇ ಇರುವುದಿಲ್ಲ. ಪೊಲೀಸರಿಗೆ ತೋರಿಸಲು ಮಾತ್ರ ಅವು.

ಇಷ್ಟೆಲ್ಲಾ ಲೆಕ್ಕ ಮುಂದೆ ಇದ್ದರೂ ಬ್ರಿಟನ್ ದೇಶ ಎಲ್ಲಾ ಸವಾರರಿಗೆ ಮತ್ತು ಹಿಂದೆ ಕುಳಿತವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು 1973ರಲ್ಲಿ. ಮೊದಲ ಲೇಖನ ಬಂದು 32 ವರ್ಷ. ಕೇರ್ನ್ಸ್ 1952ರಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಯುದ್ಧದಲ್ಲಿ ಆದೇಶ ಒಂದು ತಿಂಗಳಲ್ಲಿ ಬಂತು, ಶಾಂತಿಯ ಕಾಲದಲ್ಲಿ ಒಂದು ತಲೆಮಾರು ಹಿಡಿಯಿತು. ನಡುವಿನ ವರ್ಷಗಳಲ್ಲಿ ಸತ್ತವರು ಯಾರ ಖಾತೆಗೆ?

ನಮ್ಮ ದೇಶದ ಖಾತೆಯನ್ನೂ ನೋಡಿದೆ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯ ಪ್ರತಿವರ್ಷ ವರದಿ ಕೊಡುತ್ತದೆ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಇವರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಆ ಐವತ್ತು ಸಾವಿರದಲ್ಲಿ 14,337 ಜನ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತವರು. ಈ ಕೊನೆಯ ಅಂಕಿಯ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ನಾನು ದಿನಾ ಕಾಲೇಜಿಗೆ ಬರುವುದು ಭಾಯಿಜಾನ್ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಕರ್ನಾಟಕದಲ್ಲಿ ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕೆಂಬ ನಿಯಮ 2016ರ ಜನವರಿಯಿಂದ ಇದೆ. ನಮ್ಮ ಗೇಟಿನ ಮುಂದೆ ಬೆಳಿಗ್ಗೆ ನಿಂತು ಎಣಿಸಿದರೆ ಹಿಂದಿನ ಸೀಟಿನಲ್ಲಿ ಎಷ್ಟು ಹೆಲ್ಮೆಟ್ ಕಾಣುತ್ತವೆ ಎಂದು ನಿಮಗೇ ಗೊತ್ತು.

ಹುಡುಗಿಯರಲ್ಲಿ ಕೆಲವರು ಸ್ಕಾರ್ಫ್ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎನ್ನುತ್ತಾರೆ. ಕೂರುತ್ತದೆ. ಪಿನ್ನನ್ನು ತಲೆಯ ಮೇಲೆ ಚುಚ್ಚದೆ ಗಲ್ಲದ ಪಕ್ಕಕ್ಕೆ ಸರಿಸಬೇಕು, ಕೂದಲಿನ ಗಂಟನ್ನು ಕೆಳಗೆ ಕತ್ತಿನ ಹತ್ತಿರ ಕಟ್ಟಬೇಕು, ತೆಳು ಬಟ್ಟೆಯ ಸ್ಕಾರ್ಫ್ ಸುತ್ತಿಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ ಕೊಳ್ಳಬೇಕು. ಐಎಸ್ಐ ಗುರುತು ಇದ್ದದ್ದೇ ಆಗಿರಬೇಕು. ದುಪಟ್ಟಾದ ತುದಿ ಮತ್ತು ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಒಳಗೆ ಸೇರಿಸಿ ಕೂರುವುದನ್ನು ಅಮ್ಮಿ ನನಗೆ ಮೊದಲೇ ಕಲಿಸಿದ್ದಾರೆ.

ಹುಡುಗರ ವಿಷಯ ಬೇರೆ. ಹದಿನೆಂಟು ತುಂಬದವರಿಗೆ ಗೇರ್ ಇರುವ ಗಾಡಿಗೆ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯ ನಂತರ ಚಿಕ್ಕವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ಇದು ಗೊತ್ತಿದ್ದೂ ಗಾಡಿ ಕೀ ಕೊಡುವ ಅಬ್ಬಾಗಳು ನಮ್ಮಲ್ಲಿ ಇದ್ದಾರೆ. ರಂಜಾನಿನ ರಾತ್ರಿ ತರಾವೀಹ್ ಮುಗಿಸಿ ಸಹರಿಯವರೆಗೆ ಖಾಲಿ ರಸ್ತೆಯಲ್ಲಿ ಮೂವರು ಮೂವರಾಗಿ ಸುತ್ತುವ ಅಭ್ಯಾಸವನ್ನು ಎಲ್ಲರೂ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. ನಮ್ಮ ಮೊಹಲ್ಲಾದ ಒಬ್ಬ ಹುಡುಗ ಹೋದ ರಂಜಾನಿನಲ್ಲಿ ಹೀಗೇ ಬಿದ್ದ. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಕೈಕಾಲು ಸರಿ ಇವೆ. ಆದರೆ ಎರಡನೇ ಪಿಯುಸಿ ಪರೀಕ್ಷೆ ಬರೆಯಬೇಕಾದವನು ಈಗ ಅಂಗಡಿಯಿಂದ ಏನು ತರಬೇಕು ಎಂಬುದನ್ನು ಅಂಗೈಯಲ್ಲಿ ಬರೆಸಿಕೊಂಡು ಹೋಗುತ್ತಾನೆ. ಅರ್ಧ ದಾರಿಯಲ್ಲಿ ಅಂಗೈ ನೋಡಿಕೊಳ್ಳುತ್ತಾನೆ. ಸಚಿವಾಲಯದ ಸಾವಿನ ಪಟ್ಟಿಯಲ್ಲಿ ಅವನು ಇಲ್ಲ.

ಈ ಲೇಖನವನ್ನು ಮೊದಲು ನಾನಾಗೆ ಉರ್ದುವಿನಲ್ಲಿ ಹೇಳಿ ಕೇಳಿಸಿದೆ. ಲಾರೆನ್ಸ್ ಬಗ್ಗೆ ಅವರ ಅಭಿಪ್ರಾಯ ಏನೂ ಬದಲಾಗಲಿಲ್ಲ. ಕೇರ್ನ್ಸ್ ಹೆಸರನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಭಾಯಿಜಾನ್‌ನನ್ನು ಕರೆದು ಹಿಂದಿನ ಸೀಟಿನ ಹೆಲ್ಮೆಟ್ಟಿಗೆ ಎಷ್ಟು ಆಗುತ್ತದೆ ಎಂದು ಕೇಳಿ ದುಡ್ಡು ಕೊಟ್ಟರು. ನನ್ನದು ನೀಲಿ ಬಣ್ಣದ್ದು.